ಗಣದಿಂದ ಬಿದ್ದುಹೋದ ಹೆಸರು

ಈಶ್ವರಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲೆ ಓದಿದಳು. ಅವಳ ಹೆಸರು ಎಲ್ಲೂ ಇರಲಿಲ್ಲ.

ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆ. ಸೋಮವಾರ ಮಧ್ಯಾಹ್ನ ಆಫೀಸಿನ ಗೋಡೆಗೆ ಆ ಪಟ್ಟಿ ಅಂಟಿಸಿದ್ದರು. ಗುತ್ತಿಗೆ ಮೇಲೆ ಮರಳು ಹೊರುವ, ನೆಲ ಗುಡಿಸುವ ಹೆಂಗಸರಲ್ಲಿ ಯಾರ ಹೆಸರು ಅದರಲ್ಲಿದೆಯೋ ಅವರ ಕೆಲಸ ಕಾಯಂ. ಇಲ್ಲದವರು ಮನೆಗೆ. ಈಶ್ವರಮ್ಮ ಅಲ್ಲಿ ಹದಿನಾಲ್ಕು ವರ್ಷ ಮರಳು ಹೊತ್ತವಳು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಸ್ಲೇಟು ಹಿಡಿದು ಅಕ್ಷರ ಕಲಿತಿದ್ದಳು. ತನ್ನ ಹೆಸರಿನ ‘ಶ್ವ’ ಎಲ್ಲಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು.

“ಅವಳೇ ತೆಗ್ದಿರೋದು!” ಎಂದು ಕೂಗಿದಳು. “ಕಂಪ್ಯೂಟರ್ ಮುಂದೆ ಕೂರ್ತಾಳಲ್ಲ, ಆ ಜಯಶೀಲಾ! ಹೇಳ ಹೆಸರಿಲ್ದಂಗೆ ಮಾಡ್ತೀನಿ ಅಂದಿದ್ಲು. ಮಾಡಿದ್ಲು!”

ಇಷ್ಟು ನನಗೆ ಫೋನಿನಲ್ಲಿ ತಿಳಿದದ್ದು. ನಾನು ಯೋಗರಾಜ್. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿ ಮೇಲೆ, ಎರಡು ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಇದು ೨೦೦೮ರ ಮಾತು. ಆ ಪಟ್ಟಿಯ ಪ್ರೋಗ್ರಾಂ ನನ್ನದೇ.

ಬುಧವಾರ ಬೆಳಿಗ್ಗೆ ಕಾರ್ಖಾನೆಯ ವೆಲ್‌ಫೇರ್ ಆಫೀಸರ್ ಧರ್ಮಪ್ಪನವರು ಮತ್ತೆ ಫೋನ್ ಮಾಡಿದರು.

“ಸಂಜೆ ಐದಕ್ಕೆ ಪಟ್ಟಿ ಹೆಡ್ ಆಫೀಸಿಗೆ ಹೋಗುತ್ತೆ. ಆಮೇಲೆ ಬ್ರಹ್ಮ ಬಂದ್ರೂ ತಿದ್ದಕ್ಕಾಗಲ್ಲ. ಅಷ್ಟರೊಳಗೆ ಜಯಶೀಲಾ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಪ್ರೋಗ್ರಾಂನಲ್ಲಿ ತಪ್ಪಿಲ್ಲ ಅಂತ ನೀವೊಂದು ಕಾಗದ ಬರೆದುಕೊಡಿ.”

“ಬರೆದುಕೊಡ್ತೀನಿ ಸಾರ್. ಮಷೀನ್ ಸುಳ್ಳು ಹೇಳಲ್ಲ. ಮನುಷ್ಯರನ್ನ ಕೇಳಿ.”

ಹೌದು, ಹಾಗೇ ಅಂದೆ. ವಾರವಿಡೀ ಬೇರೊಬ್ಬರ ಕೆಲಸದಲ್ಲಿ ತಲೆ ಕೆಟ್ಟು ಮೊಸರಾಗಿತ್ತು. ಒಂದು ಕಾಗದ ಗೀಚಿ ಕೈತೊಳೆದುಕೊಂಡರೆ ಸಾಕಾಗಿತ್ತು. ಆದರೆ ಅದನ್ನು ಕೊಡಲು ಹೋಗಿ ಬಸ್ಸಿಳಿದಾಗ ಕಾರ್ಖಾನೆಯ ಗೇಟಿನಲ್ಲಿ ಪರಮೇಶ್ವರಪ್ಪ ಮೇಷ್ಟ್ರು ನಿಂತಿದ್ದರು.

ಭದ್ರಾವತಿ ನ್ಯೂ ಟೌನಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ನನಗೂ ಅವರೇ ಮೇಷ್ಟ್ರು, ಜಯಶೀಲಳಿಗೂ ಅವರೇ. ಕಳೆದದ್ದನ್ನು ಹುಡುಕಿಕೊಡುವವರು ಎಂದು ಊರಲ್ಲಿ ಹೆಸರು. ಸೊಸೈಟಿಯ ರಿಜಿಸ್ಟರ್ ಕಳೆದಾಗ, ಶಾಲೆಯ ಬೀಗದ ಕೈ ಮಾಯವಾದಾಗ, ಜನ ಸ್ಟೇಷನ್ನಿಗೆ ಹೋಗುವ ಮುಂಚೆ ಇವರ ಮನೆಗೆ ಹೋಗುತ್ತಿದ್ದರು. ಮಂಡಿನೋವು, ಬಿಪಿ, ಎಲ್ಲದರ ಮೇಲೂ ಬೇಸರ.

“ಜಯಶೀಲಾ ಫೋನ್ ಮಾಡಿದ್ಲು,” ಎಂದರು. “ನನಗೆ ಇದೆಲ್ಲ ಸಾಕಾಗಿದೆ ಕಣೋ. ಆದ್ರೆ ಆ ಹುಡುಗಿ ಹತ್ತನೇ ಕ್ಲಾಸಲ್ಲಿ ಪೆನ್ಸಿಲ್ ಸಿಕ್ಕಿದ್ರೂ ತಂದು ಟೇಬಲ್ ಮೇಲೆ ಇಡ್ತಿದ್ಲು. ನಡಿ.”

ಆಫೀಸಿನ ಹೊರಗೆ ಬೆಂಚಿನ ಮೇಲೆ ಜಯಶೀಲಾ ಕೂತಿದ್ದಳು. ಇಪ್ಪತ್ತಾರರ ಹುಡುಗಿ, ಎರಡೇ ದಿನದಲ್ಲಿ ಕಣ್ಣು ಗುಳಿ ಬಿದ್ದಿತ್ತು. ಪಕ್ಕದಲ್ಲಿ ಅವಳ ತಾಯಿ ಕರಿಬಸಮ್ಮ. ಆಕೆಯೂ ಅಲ್ಲೇ ಮರಳು ಹೊರುವವಳು. ಈಶ್ವರಮ್ಮನ ಜೊತೆಗೇ ಸ್ಲೇಟು ಹಿಡಿದವಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನೆಲ ನೋಡುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು.

ಒಳಗೆ ಧರ್ಮಪ್ಪನವರು ಕಂಪ್ಲೇಂಟನ್ನು ಆಗಲೇ ಬರೆದು ಮೇಜಿನ ಮೇಲೆ ಇಟ್ಟಿದ್ದರು. ಸಹಿ ಒಂದು ಬಾಕಿ. ಒಳ್ಳೆಯ ಮನುಷ್ಯರೇ. ಯಾರ ಟೀ ಕೂಡ ಬಿಟ್ಟಿ ಕುಡಿಯುವವರಲ್ಲ.

ಮೇಷ್ಟ್ರು ಮೊದಲು ಈಶ್ವರಮ್ಮನನ್ನು ಕರೆಸಿದರು.

“ಜಯಶೀಲಂಗೂ ನಿಂಗೂ ಏನಮ್ಮ ಜಗಳ?”

“ನಲ್ಲಿ ಹತ್ರ ಸ್ವಾಮಿ. ನಾನು ಮೊದ್ಲು ಕೊಡ ಇಟ್ಟಿದ್ದೆ, ಅವಳು ಸರಿಸಿದ್ಲು.”

“ನೀನೇನಂದೆ?”

“ಏನೋ ಅಂದೆ.”

“ಏನಂದೆ?”

ಈಶ್ವರಮ್ಮ ಮುಖ ತಿರುಗಿಸಿದಳು. “ಗಂಡ ಬಿಟ್ಟೋಳು ಅಂದೆ.”

“ಅದಕ್ಕೆ ಅವಳು?”

“ಹೇಳ ಹೆಸರಿಲ್ದಂಗೆ ಮಾಡ್ತೀನಿ ಅಂದ್ಲು. ಹತ್ತು ಜನ ಕೇಳಿದಾರೆ.”

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಜಯಶೀಲಾ ಒಳಗೆ ಬಂದಳು.

“ಅಂದ್ಯೇನಮ್ಮ ಹಂಗೆ?”

“ಅಂದೆ ಸಾರ್. ಸಿಟ್ಟಲ್ಲಿ. ಜನ ಅಂತಾರಲ್ಲ, ನಾನೂ ಅಂದೆ. ಅದಕ್ಕೆ ಅನ್ನ ತೆಗೀತೀನಾ?”

“ಪ್ರೋಗ್ರಾಂನಲ್ಲಿ ಹೆಸರು ತೆಗೆಯೋಕೆ ಬರುತ್ತಾ?”

“ಬರುತ್ತೆ. ‘ತೆಗೆ’ ಅಂತ ಗುಂಡಿ ಇದೆ. ಪಾಸ್‌ವರ್ಡ್ ನನ್ನ ಹತ್ರಾನೇ ಇರೋದು.”

“ಒತ್ತಿದ್ಯಾ?”

“ಒಂದ್ಸಲನೂ ಇಲ್ಲ ಸಾರ್.”

ಮೇಷ್ಟ್ರು ನನ್ನ ಕಡೆ ತಿರುಗಿದರು. “ಒತ್ತಿದ್ರೆ ಗೊತ್ತಾಗುತ್ತೇನೋ?”

“ಗೊತ್ತಾಗುತ್ತೆ. ಹೆಸರು ಇದ್ದು ತೆಗೆದ್ರೆ ಒಂದು ಅಂತ, ಇಲ್ಲದೇ ಇದ್ರೆ ಸೊನ್ನೆ ಅಂತ ಉತ್ತರ ಬರುತ್ತೆ. ಅದನ್ನ ಒಂದು ಫೈಲಲ್ಲಿ ಬರೆದಿಡೋ ಹಾಗೆ ಮಾಡಿದೀನಿ.”

“ನೋಡಿದ್ಯಾ?”

ನೋಡಿರಲಿಲ್ಲ. ಯಾರು ಕೇಳಿದ್ದರು?

ಫೈಲು ತೆರೆದೆ. ಖಾಲಿ! ಒಂದೂ ಇಲ್ಲ, ಸೊನ್ನೆಯೂ ಇಲ್ಲ. ಆ ಗುಂಡಿಯನ್ನು ಯಾರೂ ಮುಟ್ಟಿಯೇ ಇರಲಿಲ್ಲ.

“ಆ ಫೈಲನ್ನೂ ಅಳಿಸಿರಬಹುದು,” ಎಂದರು ಧರ್ಮಪ್ಪನವರು. “ಮೇಷ್ಟ್ರೇ, ನನ್ನ ಮಾತು ಕೇಳಿ. ಶನಿವಾರ ಹನ್ನೊಂದು ಗಂಟೆಗೆ ಈಶ್ವರಮ್ಮನ ಹೆಸರನ್ನ ಸ್ಕ್ರೀನ್ ಮೇಲೆ ನಾನೇ ಕಣ್ಣಾರೆ ನೋಡಿದೀನಿ. ಡೈರೀಲಿ ಬರೆದಿದೀನಿ. ಆಮೇಲೆ ನನ್ನ ಬಿಟ್ರೆ ಆ ಕಂಪ್ಯೂಟರ್ ಮುಂದೆ ಕೂತವಳು ಇವಳೊಬ್ಬಳೇ. ಸೋಮವಾರ ಪ್ರಿಂಟ್ ತೆಗೆದ್ರೆ ಹೆಸರಿಲ್ಲ. ಇನ್ನೇನು ಬೇಕು?”

ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೇಷ್ಟ್ರು ಕುರ್ಚಿ ಎಳೆದು ಕೂತರು. “ಈ ಪಟ್ಟಿ ಹೆಂಗೆ ಮಾಡಿದ್ದು, ಮೊದಲಿಂದ ಹೇಳು ಯೋಗ. ನಾನು ಹಳೇ ಕಾಲದವನು, ನಿಧಾನಕ್ಕೆ.”

“ನಾಲ್ಕು ಜನ ಗುತ್ತಿಗೆದಾರರು ಸಾರ್. ನಾಲ್ಕು ಹಾಜರಿ ಪುಸ್ತಕ. ಎಲ್ಲಾ ಸೇರಿ ಐನೂರ ಮೂವತ್ತು ಸಾಲು. ಆದ್ರೆ ಒಬ್ಬಳೇ ಹೆಂಗಸು ಇಬ್ಬರು ಮೂವರ ಹತ್ರ ಕೆಲಸ ಮಾಡಿರ್ತಾಳೆ. ಒಂದೇ ಹೆಸರು ಮೂರು ಸಲ ಬರಬಾರದಲ್ಲ? ಅದಕ್ಕೆ ಸೆಟ್ ಬಳಸಿದೆ.”

“ಸೆಟ್ ಅಂದ್ರೆ?”

“ನೀವೇ ಹೇಳಿಕೊಟ್ಟಿದ್ದಲ್ವಾ ಸಾರ್, ಎಂಟನೇ ಕ್ಲಾಸಲ್ಲಿ. ಗಣ.”

ಮೇಷ್ಟ್ರ ಮುಖ ಆ ದಿನ ಮೊದಲ ಸಲ ಸ್ವಲ್ಪ ಅರಳಿತು. “ಓಹೋ! ಗಣವೇ? ಒಂದೇ ಅಂಶ ಎರಡು ಸಲ ಬರೆಯಂಗಿಲ್ಲ. ಇಂಥದ್ದು ಮೊದಲು, ಇಂಥದ್ದು ಆಮೇಲೆ ಅನ್ನೋ ಕ್ರಮವೂ ಇಲ್ಲ.”

“ಅದೇ. ಪೈಥಾನ್ ಅಂತ ಒಂದು ಭಾಷೇಲಿ ಬರೆದಿದ್ದು. ಅದರಲ್ಲಿ ಸೆಟ್ ತಯಾರಾಗೇ ಇದೆ. ಆದ್ರೆ ಗೇಟಲ್ಲಿ ಕಾರ್ಡ್ ಓದೋ ಮಷೀನ್ ಇದೆಯಲ್ಲ, ಅದು ಸಿ ಭಾಷೆ ಬಿಟ್ಟು ಬೇರೆ ಮಾತೇ ಕೇಳಲ್ಲ. ಅದಕ್ಕೆ ಪೈಥಾನಿನ ತಳಕ್ಕಿಳಿದು, ಸಿ ಕಡೆಯಿಂದಲೇ ಆ ಸೆಟ್ಟಿಗೆ ಕೈಹಾಕಿ ಹೆಸರು ಸೇರಿಸೋದು, ಹುಡುಕೋದು, ತೆಗೆಯೋದು ಬರೆದೆ. ಹಿತ್ತಿಲ ಬಾಗಿಲಿಂದ ಅಡುಗೆಮನೆಗೆ ಹೋದ ಹಾಗೆ.”

“ಇರೋ ಹೆಸರನ್ನೇ ಮತ್ತೆ ಸೇರಿಸಿದ್ರೆ?”

“ಸುಮ್ಮನಿರುತ್ತೆ. ಹೊಸದು ಸೇರಿದ್ರೂ ಸೊನ್ನೆ, ಮೊದಲೇ ಇದ್ರೂ ಸೊನ್ನೆ. ಏನಾದ್ರೂ ಕೆಟ್ಟರೆ ಮಾತ್ರ ಮೈನಸ್ ಒಂದು.”

“ಎಷ್ಟು ಹೆಸರು ಉಳಿದವು ಕೊನೆಗೆ?”

ನಾನು ಬಾಯಿ ತೆರೆಯುವ ಮುಂಚೆ ಜಯಶೀಲಾ ಹೇಳಿದಳು. “ಯಾವ ದಿನದ್ದು ಸಾರ್?”

“ಯಾವ ದಿನದ್ದು ಅಂದ್ರೆ?”

“ದಿನಾ ಸಂಜೆ ಲಾಗ್ ಬುಕ್ಕಲ್ಲಿ ಬರೀತೀನಿ. ಹೆಸರು ಹಾಕೋದು ಹೋದ ಮಂಗಳವಾರನೇ ಮುಗೀತು. ಅವತ್ತು ನಾನೂರ ಹನ್ನೆರಡು.” ಪುಸ್ತಕ ತಂದು ತೆರೆದಳು. “ಬುಧವಾರ ನಾನೂರ ಹತ್ತು. ಗುರುವಾರ ನಾನೂರ ಎಂಟು. ಶುಕ್ರವಾರ ನಾನೂರ ಐದು. ಶನಿವಾರ ನಾನೂರ ಮೂರು. ಸೋಮವಾರ ಪ್ರಿಂಟ್ ತೆಗೆಯುವಾಗ ನಾನೂರ ಒಂದು.”

“ಇಳೀತಾ ಇದೆಯಲ್ಲಮ್ಮ! ಯಾರಿಗೂ ಹೇಳಲಿಲ್ವಾ?”

“ಶುಕ್ರವಾರ ಯೋಗಣ್ಣಂಗೆ ಫೋನ್ ಮಾಡಿದ್ದೆ.”

ಮೇಷ್ಟ್ರು ನನ್ನನ್ನು ನೋಡಿದರು. ಹೌದು, ಮಾಡಿದ್ದಳು. ಮರೆತೇಹೋಗಿತ್ತು. ಏನಂದಿದ್ದೆ ಎಂಬುದು ಈಗ ನೆನಪಾಯಿತು: ‘ಸೆಟ್ ಅಂದ್ರೆ ಹಂಗೇ ಮಾರಾಯ್ತಿ, ಡಬಲ್ ಇದ್ದಿದ್ದು ಹೋಗ್ತಾವೆ. ತಲೆ ತಿನ್ಬೇಡ.’

“ಡಬಲ್ ಇದ್ದ ಹೆಸರು ಹೋಗಿರ್ತವೆ ಅಂದೆ ಸಾರ್,” ಎಂದೆ.

“ಎಲ್ಲಿಂದ ಹೋಗ್ತವೆ?”

“ಸೆಟ್ಟಿಂದ.”

“ಯೋಗ! ಎಂಟನೇ ಕ್ಲಾಸಿನ ಪಾಠ ಮರೆತ್ಯಾ? ಎರಡನೇ ಸಲ ಬಂದ ಹೆಸರು ಗಣದ ಒಳಗೇ ಬರಲ್ಲ. ಒಳಗೇ ಬಾರದವರು ಹೊರಗೆ ಹೋಗೋದು ಹೆಂಗೋ?”

ಮಂಗಳವಾರಕ್ಕೇ ಸೇರಿಸುವ ಕೆಲಸ ಮುಗಿದಿತ್ತು. ಆಮೇಲೆ ಸಂಖ್ಯೆ ಇಳಿಯಲು ಕಾರಣವೇ ಇರಲಿಲ್ಲ. ಇದನ್ನು ಕಾಣಲು ಕಂಪ್ಯೂಟರ್ ಕೂಡ ಬೇಕಿರಲಿಲ್ಲ.

“ಹಂಗಾದ್ರೆ ಹೋಗಿರೋದು ಒಂದು ಹೆಸರಲ್ಲ,” ಎಂದರು ಮೇಷ್ಟ್ರು. “ಹನ್ನೊಂದು. ಈಶ್ವರಮ್ಮ ಓದೋಳು, ಅದಕ್ಕೆ ಕೂಗಾಡಿದ್ಲು. ಉಳಿದವರಿಗೆ ಇನ್ನೂ ಗೊತ್ತೇ ಇಲ್ಲ. ಧರ್ಮಪ್ಪನವ್ರೇ, ಜಯಶೀಲಂಗೆ ಹನ್ನೊಂದು ಜನರ ಮೇಲೂ ಸಿಟ್ಟಾ?”

“ಅದು... ದುಡ್ಡು ಗಿಡ್ಡು ಕೇಳಿ, ಕೊಡದೋರನ್ನ...”

“ಇರಲಿ. ಶನಿವಾರ ಈಶ್ವರಮ್ಮನ ಹೆಸರು ನೋಡಿದೆ ಅಂದ್ರಲ್ಲ. ನಾನೂರು ಹೆಸರಿನ ಮಧ್ಯೆ ಅದೊಂದೇ ಹೆಂಗೆ ಕಣ್ಣಿಗೆ ಬಿತ್ತು? ಹುಡುಕಿದ್ರಾ?”

“ಇಲ್ಲಪ್ಪ. ಅಗುಳು ಒತ್ತಿದೆ.”

“ಏನೊತ್ತಿದ್ರಿ?”

ಧರ್ಮಪ್ಪನವರು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದರು. “ಅದು ನನ್ನ ಐಡಿಯಾ ಮೇಷ್ಟ್ರೇ. ದಿನಾ ನಾನೂರು ಹೆಸರು ಓದಕ್ಕೆ ನನಗೆಲ್ಲಿ ಕಣ್ಣಿದೆ? ಅನ್ನ ಬೆಂದಿದೆಯೋ ಇಲ್ವೋ ಅಂತ ಇಡೀ ಪಾತ್ರೆ ನೋಡ್ತೀವಾ? ಒಂದಗುಳು ಹಿಚುಕಿದ್ರೆ ಸಾಕು. ಹಂಗೆ ಯಾವುದಾದ್ರೂ ಒಂದು ಹೆಸರು ತೋರಿಸೋ ಗುಂಡಿ ಮಾಡಿಕೊಡಿ ಅಂದೆ. ಇವರು ಅದಕ್ಕೆ ‘ಅಗುಳು’ ಅಂತಲೇ ಹೆಸರಿಟ್ಟುಕೊಟ್ರು. ಒತ್ತೋದು, ಬಂದ ಹೆಸರನ್ನ ಹಾಜರಿ ಪುಸ್ತಕದ ಜೊತೆ ತಾಳೆ ನೋಡೋದು, ‘ಸರಿ ಇದೆ’ ಅಂತ ಡೈರೀಲಿ ಬರೆಯೋದು. ಹೋದ ಬುಧವಾರದಿಂದ ಸೋಮವಾರ ಪ್ರಿಂಟ್ ತೆಗೆಯೋ ತನಕ, ಭಾನುವಾರದ ರಜೆ ಬಿಟ್ಟು, ಒಂದು ದಿನಾನೂ ತಪ್ಪಿಸಿಲ್ಲ.”

“ದಿನಕ್ಕೆ ಎಷ್ಟು ಸಲ?”

“ಎರಡು. ಶುಕ್ರವಾರ ಪುರುಸೊತ್ತಿತ್ತು, ಮೂರು.”

ಲಾಗ್ ಬುಕ್ಕಿನ ಮೇಲಿದ್ದ ಮೇಷ್ಟ್ರ ಬೆರಳು ಅಲ್ಲೇ ನಿಂತಿತು. ನನಗೂ ಅದೇ ಕ್ಷಣದಲ್ಲಿ ಹೊಳೆಯಿತು. ಹೊಳೆಯಬಾರದಿತ್ತು ಅನ್ನಿಸಿತು.

“ಈಗೊಂದ್ಸಲ ಒತ್ತಿ ಧರ್ಮಪ್ಪನವ್ರೇ,” ಎಂದರು ಮೇಷ್ಟ್ರು ಮೆಲ್ಲಗೆ. “ಎಲ್ಲರೂ ಆ ಮೂಲೇಲಿರೋ ಸಂಖ್ಯೆ ನೋಡ್ತಾ ಇರಿ. ಎಷ್ಟಿದೆ?”

“ನಾನೂರ ಒಂದು,” ಎಂದಳು ಜಯಶೀಲಾ.

ಧರ್ಮಪ್ಪನವರು ಒತ್ತಿದರು. ಸ್ಕ್ರೀನಿನ ನಡುವೆ ದಪ್ಪಕ್ಷರದಲ್ಲಿ ‘ಸುಭದ್ರಮ್ಮ’ ಎಂದು ಬಂತು. ಮೂಲೆಯ ಸಂಖ್ಯೆ ನಾನೂರಾಯಿತು.

“ಈಗ ಸುಭದ್ರಮ್ಮನ್ನ ಹುಡುಕಮ್ಮ.”

ಜಯಶೀಲಾ ‘ಹುಡುಕು’ ಒತ್ತಿದಳು. ಇಲ್ಲ ಎಂದು ಬಂತು.

“ಅಯ್ಯಯ್ಯೋ!” ಎಂದರು ಧರ್ಮಪ್ಪನವರು. ಬಿಸಿ ತಗುಲಿದವರಂತೆ ಮೌಸಿನಿಂದ ಕೈ ಎಳೆದುಕೊಂಡರು.

“ಡೈರಿ ಕೊಡಿ,” ಎಂದರು ಮೇಷ್ಟ್ರು. “ನೀವು ‘ಸರಿ ಇದೆ’ ಅಂತ ಬರೆದವರನ್ನ ಒಬ್ಬೊಬ್ಬರಾಗಿ ಹುಡುಕೋಣ. ಒಬ್ಬರೂ ಸಿಗಲ್ಲ ನೋಡಿ. ಈಶ್ವರಮ್ಮನ ಹೆಸರು ಇತ್ತು ಅನ್ನೋದಕ್ಕೆ ನೀವು ಕೊಟ್ಟಿರಲ್ಲ ಸಾಕ್ಷಿ, ಅದು ಹೋಗಿದ್ದೂ ಅಲ್ಲೇ. ನೀವು ನೋಡಿದ್ದಕ್ಕೇ ಹೋಯ್ತು. ಅಗುಳು ಹಿಚುಕಿ ನೋಡಿದೋರು ಅದನ್ನ ಮತ್ತೆ ಪಾತ್ರೆಗೆ ಹಾಕ್ತಾರಾ?”

“ಹಂಗಾದ್ರೆ... ತೆಗೆದೋನು ನಾನಾ?”

“ಬೆರಳು ನಿಮ್ಮದು. ತಪ್ಪು ನಿಮ್ಮದಲ್ಲ.” ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ವಾಸಿಯಿತ್ತು. “ಯೋಗ, ನೀನೇ ಹೇಳ್ತೀಯೋ, ನಾನು ಹೇಳ್ಲೋ?”

ಹೇಳಿದೆ. ಸೆಟ್ಟಿಗೆ ಕ್ರಮವಿಲ್ಲ, ಮೊದಲನೆಯದನ್ನು ಕೊಡು ಎಂದು ಕೇಳುವ ಹಾಗಿಲ್ಲ. ಸಿ ಕಡೆಯಿಂದ ಯಾವುದಾದರೂ ಒಂದನ್ನು ಪಡೆಯಲು ಸುಲಭದ ಆಜ್ಞೆ ಒಂದಿದೆ, ಪಾಪ್ ಅಂತ. ಅದು ಕೈಗೆ ಸಿಕ್ಕಿದ್ದನ್ನು ಕೊಡುತ್ತದೆ. ಕೊಡುವುದಷ್ಟೇ ಅಲ್ಲ, ಸೆಟ್ಟಿನಿಂದ ಕಿತ್ತು ಕೊಡುತ್ತದೆ. ಸೆಟ್ಟಿನ ನಕಲು ಮಾಡಿಕೊಂಡು ನಕಲಿನಿಂದ ತೆಗೆಯಬೇಕಿತ್ತು. ಇನ್ನೊಂದೇ ಒಂದು ಸಾಲು. ಬೇಜಾರಿನಲ್ಲಿ ಮೂಲ ಸೆಟ್ಟಿಗೇ ಕೈಹಾಕಿದೆ. ಹತ್ತು ಹೆಸರು ಹಾಕಿ ಒಂದು ಸಲ ಒತ್ತಿ ನೋಡಿದೆ, ಹೆಸರು ಬಂತು, ಸರಿ ಅಂದುಕೊಂಡೆ. ಸಂಜೆ ಸಂಜೆ ಉಳಿದಷ್ಟನ್ನೇ ಪ್ರೋಗ್ರಾಂ ಡಿಸ್ಕಿಗೆ ಬರೆದಿಡುತ್ತಿತ್ತು. ಹೋದದ್ದು ಹೋದಂತೆಯೇ.

“ಇಲ್ಲಿ ಕಳ್ಳರು ಯಾರೂ ಇಲ್ಲ,” ಎಂದರು ಮೇಷ್ಟ್ರು. “ಒಬ್ಬ ಸೋಮಾರಿ ಇದಾನೆ. ನನ್ನ ಶಿಷ್ಯ.”

ಧರ್ಮಪ್ಪನವರು ಕಂಪ್ಲೇಂಟನ್ನು ಹರಿದು ಹಾಕಿದರು. ಈಶ್ವರಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಹಂಗಾದ್ರೆ ಇವಳಲ್ವಾ?” ಎಂದು ಯಾರನ್ನೋ ಕೇಳಿದಳು.

ನಾನು ಜಯಶೀಲಳ ಎದುರು ನಿಂತೆ. “ನಂದು ತಪ್ಪಾಯ್ತು ಕಣಮ್ಮ.”

“ಶುಕ್ರವಾರ ಹೇಳಿದ್ದೆ ಯೋಗಣ್ಣ,” ಎಂದಳು ಅವಳು. “ತಲೆ ತಿನ್ಬೇಡ ಅಂದ್ರಿ.” ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ಅಷ್ಟು ದಣಿದಿದ್ದಳು. “ಅದನ್ನೂ ಬರೀರಿ ಕಾಗದದಲ್ಲಿ.”

ಬರೆದೆ. ಪ್ರೋಗ್ರಾಂನಲ್ಲಿ ತಪ್ಪಿಲ್ಲ ಎಂದು ಬರೆಯಲು ತಂದಿದ್ದ ಹಾಳೆಯಲ್ಲೇ, ತಪ್ಪು ನನ್ನದು, ಜಯಶೀಲಾ ಮೊದಲೇ ಎಚ್ಚರಿಸಿದ್ದರೂ ಕೇಳಲಿಲ್ಲ ಎಂದು ಬರೆದು ಸಹಿ ಹಾಕಿದೆ. ಈ ಕಾರ್ಖಾನೆಯ ಕೆಲಸ ನನಗೆ ಇನ್ನು ಸಿಗುವುದಿಲ್ಲ ಎಂದು ಗೊತ್ತಿತ್ತು. ಆಮೇಲೆ ‘ಅಗುಳು’ ಗುಂಡಿಯನ್ನೇ ಕಿತ್ತು ಹಾಕಿದೆ.

ಗಂಟೆ ನಾಲ್ಕೂಕಾಲು. ಜಯಶೀಲಾ ಕೀಬೋರ್ಡ್ ಮುಂದೆ ಕೂತಳು. ಮೇಷ್ಟ್ರು ಡೈರಿ ಹಿಡಿದು ಓದತೊಡಗಿದರು. ಈಗ ತಾನೇ ಹೋದ ಸುಭದ್ರಮ್ಮ ಮೊದಲು. ಆಮೇಲೆ ಈಶ್ವರಮ್ಮ. ಆಮೇಲೆ ಬುಧವಾರದ ಇಬ್ಬರು.

“ಗುರುವಾರ,” ಎಂದರು. “ಪುಟ್ಟಲಕ್ಷ್ಮಿ. ಹಾಕಿದ್ಯಾ? ಆಮೇಲೆ ಕರಿಬಸಮ್ಮ, ಕಾರ್ಡ್ ನಂಬರ್ ಇನ್ನೂರ ಏಳು.”

ಜಯಶೀಲಳ ಕೈ ನಿಂತಿತು.

“ಸಾರ್, ಅದು ನಮ್ಮಮ್ಮನ ಕಾರ್ಡು.”

ಎಲ್ಲರೂ ಬಾಗಿಲ ಕಡೆ ನೋಡಿದೆವು. ಕರಿಬಸಮ್ಮ ಬೆಂಚು ಬಿಟ್ಟು ಬಂದು ಹೊಸ್ತಿಲ ಹತ್ತಿರ ನಿಂತಿದ್ದಳು.

“ಅಮ್ಮ, ನಿನ್ನ ಹೆಸರೂ ಇಲ್ವಾ ಗೋಡೆ ಮೇಲೆ?”

“ಇಲ್ಲ.”

“ಯಾವಾಗ ನೋಡ್ದೆ?”

“ಸೋಮವಾರನೇ. ಈಶ್ವರಿ ಕೂಗಾಡ್ತಿದ್ಲಲ್ಲ, ಅವಾಗ್ಲೇ.”

“ಅಯ್ಯೋ, ಏನಮ್ಮ ನೀವು!” ಮೇಷ್ಟ್ರು ಎದ್ದೇಬಿಟ್ಟರು. “ಒಂದು ಮಾತು ಹೇಳಬಾರದಿತ್ತಾ? ಹೆತ್ತ ತಾಯಿ ಹೆಸರನ್ನ ಯಾವ ಮಗಳು ತೆಗೀತಾಳೆ? ಸೋಮವಾರನೇ ಮುಗಿದುಹೋಗ್ತಿತ್ತಲ್ಲ!”

“ನಂಗೇನು ಗೊತ್ತಾಗ್ಬೇಕು ಸ್ವಾಮಿ. ಒಂದು ಹೆಸರಿಗೇ ಪೊಲೀಸು ಅಂತಿದ್ರು. ಎರಡನೇದನ್ನ ನಾನು ತಂದು ಕೊಡ್ಲಾ?” ಕರಿಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಕೆಲಸ ಹೋದ್ರೆ ಹೋಗ್ಲಿ, ಕೂಲಿ ಎಲ್ಲಾದ್ರೂ ಸಿಗುತ್ತೆ. ಐದು ಗಂಟೆ ತನಕ ಬಾಯಿ ಮುಚ್ಕೊಂಡಿದ್ರೆ ಆಯ್ತು ಅಂದ್ಕೊಂಡೆ.”

ಜಯಶೀಲಾ ತಾಯಿಯನ್ನೇ ನೋಡುತ್ತಿದ್ದಳು.

“ನಾನೇ ತೆಗ್ದೆ ಅಂದ್ಕೊಂಡ್ಯಾ ಅಮ್ಮ?”

ಕರಿಬಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಗೊತ್ತಿಲ್ಲ ಕಣೆ,” ಎಂದಳು ಕೊನೆಗೆ. “ನೀನೇ ತೆಗೆದಿದ್ರೂ ನಾನು ಹೇಳ್ತಿರ್ಲಿಲ್ಲ.”

ಎರಡು ದಿನ ಕಾರ್ಖಾನೆಯೆಲ್ಲ ಬೈದರೂ ಅಳದ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ತಾಯಿ ಹತ್ತಿರ ಬಂದು ಬೆನ್ನ ಮೇಲೆ ಕೈಯಿಟ್ಟಳು. ಧರ್ಮಪ್ಪನವರು ಕಿಟಕಿಯ ಕಡೆ ತಿರುಗಿದರು. ನಾನು ಕೀಬೋರ್ಡನ್ನು ನನ್ನ ಕಡೆ ಎಳೆದುಕೊಂಡು ಕರಿಬಸಮ್ಮನ ಹೆಸರನ್ನು ಟೈಪ್ ಮಾಡಿದೆ. ಇನ್ನೂ ಆರು ಹೆಸರು ಬಾಕಿ ಇದ್ದವು.